ಯಾರ ತವರಿಗೆ ಯಾರ ಕಾವಲು?

ನಮ್ಮ ಬಳಗದ ಕಳೆದ ತಿಂಗಳ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಒಂದು ಪ್ರಬಂಧವನ್ನು ಓದಿದರು. ಅಮೆರಿಕದ ರಾಜ್ಯಗಳಲ್ಲಿ ಇರುವಂತೆ ನಮ್ಮ ರಾಜ್ಯಗಳಲ್ಲಿಯೂ ‘ಹೋಮ್‌ಲ್ಯಾಂಡ್ ಸೆಕ್ಯುರಿಟಿ’ಗೆಂದೇ ಒಂದು ಪ್ರತ್ಯೇಕ ಕಚೇರಿ ಬೇಕು, ಪೊಲೀಸ್, ಗುಪ್ತಚರ, ಕರಾವಳಿ ಕಾವಲು, ಅಗ್ನಿಶಾಮಕ, ಆಸ್ಪತ್ರೆ ಎಲ್ಲವೂ ಆಪತ್ತಿನ ಹೊತ್ತಿನಲ್ಲಿ ಅದರ ಮಾತು ಕೇಳಬೇಕು, ಅದು ನೇರವಾಗಿ ಮುಖ್ಯಮಂತ್ರಿಗೆ ವರದಿ ಒಪ್ಪಿಸಬೇಕು ಎಂಬುದು ಅದರ ಸಾರ. ಪ್ರಬಂಧ ಚೆನ್ನಾಗಿತ್ತು. ಓದು ಮುಗಿದಾಗ ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ನಾವೂ ಇದ್ದೆವು. ಮನೆಗೆ ಮರಳುವ ಲೋಕಲ್ ರೈಲಿನಲ್ಲಿ ನಾವು ನಾಲ್ಕೈದು ಮಂದಿ ಅದನ್ನೇ ಮಾತಾಡುತ್ತ ಬಂದೆವು. ಇಳಿಯುವ ನಿಲ್ದಾಣ ಬರುವಷ್ಟರಲ್ಲಿ ಆ ಚಪ್ಪಾಳೆ ತಪ್ಪೆಂದು ನಮಗೆ ಅನ್ನಿಸಿತ್ತು. ಅವರು ನಮಗೆ ಗುರುಸಮಾನರು. ಆದ್ದರಿಂದಲೇ ಬೆನ್ನ ಹಿಂದೆ ಆಡದೆ ಬರೆದು ಹೇಳುತ್ತಿದ್ದೇವೆ.

ಮೊದಲು ಆ ಶಬ್ದ. ‘ಹೋಮ್‌ಲ್ಯಾಂಡ್’ ಎನ್ನುವುದನ್ನು ನಮ್ಮ ಪತ್ರಿಕೆಗಳು ಸಾಮಾನ್ಯವಾಗಿ ಅನುವಾದಿಸುವುದಿಲ್ಲ. ‘ಆಂತರಿಕ ಭದ್ರತೆ’ ಎಂದು ಜಾರಿಕೊಳ್ಳುತ್ತವೆ. ನೇರವಾಗಿ ಅನುವಾದಿಸಿದರೆ ಅದು ತವರುನಾಡು. ತವರು ಎಂಬ ಮಾತನ್ನು ಬಳಸುವುದು ತವರಿನಿಂದ ಹೊರಗೆ ಇರುವವರು. ಹೊರನಾಡ ಕನ್ನಡಿಗರೆಂದು ಕರೆಸಿಕೊಳ್ಳುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ರಾಜ್ಯ ಸರ್ಕಾರವು ‘ತವರುನಾಡ ಕಾವಲು’ ಎಂಬ ಹಲಗೆ ತೂಗುಹಾಕಿದರೆ, ಆ ತವರಿನ ಲೆಕ್ಕದಲ್ಲಿ ನಾವು ಒಳಗಿನವರೋ ಹೊರಗಿನವರೋ ಎಂದು ಕೇಳುವುದು ಕುಹಕವಲ್ಲ. ಈ ಪ್ರಶ್ನೆಗೆ ಕೊನೆಯಲ್ಲಿ ಮರಳುತ್ತೇವೆ.

ಹಿರಿಯರು ಅಮೆರಿಕವನ್ನು ಮಾದರಿಯಾಗಿ ತೋರಿದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಲ್ಲಿನ ಒಕ್ಕೂಟ ಸರ್ಕಾರ 22 ಸಂಸ್ಥೆಗಳನ್ನು ಕಲೆಹಾಕಿ ಒಂದು ಬೃಹತ್ ಇಲಾಖೆ ಕಟ್ಟಿತು. ರಾಜ್ಯಗಳು ತಮ್ಮ ತಮ್ಮ ಕಚೇರಿಗಳನ್ನು ತೆರೆದವು. ಪ್ರಬಂಧ ಇಷ್ಟಕ್ಕೆ ನಿಂತಿತು. ಮುಂದಿನ ಕಥೆಯನ್ನು ನಾವು ಸೇರಿಸುತ್ತೇವೆ. ಪೆನ್ಸಿಲ್ವೇನಿಯ ರಾಜ್ಯದ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಕಚೇರಿ ಒಂದು ಖಾಸಗಿ ಸಂಸ್ಥೆಗೆ ಒಂದು ಲಕ್ಷ ಡಾಲರಿಗೂ ಮೀರಿದ ಗುತ್ತಿಗೆ ಕೊಟ್ಟು, ರಾಜ್ಯಕ್ಕೆ ಎದುರಾಗಬಹುದಾದ ಅಪಾಯಗಳ ಬಗ್ಗೆ ಮಾಹಿತಿಪತ್ರಗಳನ್ನು ಬರೆಯಿಸಿತು. 2010ರಲ್ಲಿ ಅವು ಬಯಲಿಗೆ ಬಂದಾಗ ಅವುಗಳಲ್ಲಿ ಕಂಡ ‘ಅಪಾಯ’ಗಳೇನು? ಭೂಮಿಯಾಳದ ಅನಿಲ ತೆಗೆಯುವುದನ್ನು ವಿರೋಧಿಸುವ ಹಳ್ಳಿಗರ ಸಭೆಗಳು, ಆ ವಿಷಯದ ಸಾಕ್ಷ್ಯಚಿತ್ರದ ಪ್ರದರ್ಶನ, ಸಲಿಂಗಿಗಳ ಮೆರವಣಿಗೆ, ಪ್ರಾಣಿದಯೆಯವರ ಪ್ರತಿಭಟನೆ. ಆ ಪತ್ರಗಳು ಪೊಲೀಸರ ಜೊತೆಗೆ ಅನಿಲ ಕಂಪನಿಗಳ ಕೈಗೂ ತಲುಪುತ್ತಿದ್ದವು. ಗವರ್ನರು ಬಹಿರಂಗವಾಗಿ ಕ್ಷಮೆ ಕೇಳಿ ಗುತ್ತಿಗೆ ನಿಲ್ಲಿಸಿದರು. ಕಚೇರಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಎರಡು ವರ್ಷದ ಬಳಿಕ ಅಮೆರಿಕದ ಸೆನೆಟ್ಟಿನ ಉಪಸಮಿತಿಯೊಂದು, ರಾಜ್ಯಗಳಲ್ಲಿ ಮಾಹಿತಿ ಕ್ರೋಡೀಕರಿಸಲೆಂದು ತೆರೆದ 70ಕ್ಕೂ ಹೆಚ್ಚು ಕೇಂದ್ರಗಳನ್ನು ಪರಿಶೀಲಿಸಿತು. ಅವುಗಳಿಂದ ಬಂದ ವರದಿಗಳಲ್ಲಿ ಬಹಳಷ್ಟು ನಿಷ್ಪ್ರಯೋಜಕ, ತಡವಾದವು, ಕೆಲವು ನಾಗರಿಕರ ಹಕ್ಕಿಗೇ ಧಕ್ಕೆ ತರುವಂಥವು ಎಂದಿತು. ಖರ್ಚು ಎಷ್ಟಾಯಿತೆಂದು ಕೇಳಿದರೆ ಒಕ್ಕೂಟದ ಇಲಾಖೆಗೆ ಖಚಿತವಾಗಿ ಹೇಳಲಾಗಲಿಲ್ಲ, 28.9 ಕೋಟಿ ಡಾಲರಿನಿಂದ 140 ಕೋಟಿ ಡಾಲರಿನ ನಡುವೆ ಎಲ್ಲೋ ಇದೆ ಎಂದಿತು. ನಮ್ಮ ಸಂಘಗಳ ಖಜಾಂಚಿಗಳು ವಾರ್ಷಿಕ ಸಭೆಯಲ್ಲಿ ಇಂಥ ಲೆಕ್ಕ ಕೊಟ್ಟರೆ ಏನಾದೀತೆಂದು ಊಹಿಸಿಕೊಳ್ಳಿ.

ಆ ಅಧಿಕಾರಿಗಳು ವಿಶೇಷ ದುಷ್ಟರಾಗಿದ್ದರೆಂದು ನಾವು ಹೇಳುತ್ತಿಲ್ಲ. ಅಪಾಯವನ್ನು ಹುಡುಕಲೆಂದೇ ಒಂದು ಕಚೇರಿ ತೆರೆದ ಮೇಲೆ ಅದು ದಿನವೂ ಏನನ್ನಾದರೂ ಹುಡುಕಿ ಕೊಡಬೇಕು. ಭಯೋತ್ಪಾದಕ ದಿನವೂ ಬರುವುದಿಲ್ಲ. ಪ್ರತಿಭಟನೆ ದಿನವೂ ನಡೆಯುತ್ತದೆ. ಕಡತ ತುಂಬುವುದು ಹೀಗೆ.

ಇನ್ನು ನಮ್ಮಲ್ಲಿಗೆ ಬರೋಣ. ಹಿರಿಯರು ತಮ್ಮ ವಾದಕ್ಕೆ ಆಧಾರವಾಗಿ ಹಿಡಿದದ್ದು 2008ರ ನವೆಂಬರ್ 26ರ ಮುಂಬಯಿ. ಆ ರಾತ್ರಿ ಯಾರ ಕೈಯಲ್ಲಿ ಸೂತ್ರ ಇದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ, ಒಂದು ಕೇಂದ್ರ ಕಚೇರಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ ಎಂದರು. ಆ ರಾತ್ರಿ ನಮ್ಮಲ್ಲಿ ಹಲವರು ಈ ಊರಿನಲ್ಲೇ ಇದ್ದೆವು. ವಿ.ಟಿ. ಸ್ಟೇಷನ್ನಿನಿಂದ (ನಮ್ಮ ಬಾಯಲ್ಲಿ ಅದಿನ್ನೂ ವಿ.ಟಿ.ಯೇ) ಊರಿಗೆ ಹೊರಟವರು, ಫೋರ್ಟಿನ ಹೊಟೇಲುಗಳಲ್ಲಿ ಕೆಲಸ ಮುಗಿಸಿ ಹೊರಬಿದ್ದವರು, ಮಗ ಮನೆಗೆ ಬಂದಿಲ್ಲವೆಂದು ಫೋನ್ ಹಿಡಿದು ಕುಳಿತವರು. ಆದ್ದರಿಂದ ಆ ರಾತ್ರಿಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕೆಂದು ನಮ್ಮ ಬೇಡಿಕೆ.

ಹತ್ತು ಮಂದಿ ಸಮುದ್ರದಿಂದ ಬಂದರು. ರಬ್ಬರ್ ದೋಣಿಯಿಂದ ಅವರು ಇಳಿದದ್ದನ್ನು ಮೊದಲು ಕಂಡವರು, ನೀವು ಯಾರೆಂದು ಕೇಳಿದವರು, ಅಲ್ಲಿನ ಮೀನುಗಾರರ ಕೇರಿಯ ಜನ. ವಿ.ಟಿ.ಯಲ್ಲಿ ಗುಂಡು ಹಾರುತ್ತಿದ್ದಾಗ ಧ್ವನಿವರ್ಧಕದಲ್ಲಿ ಯಾವ ಕಡೆಯಿಂದ ಹೊರಗೆ ಓಡಬೇಕೆಂದು ಸಾರುತ್ತ ಎಷ್ಟೋ ಜೀವಗಳನ್ನು ಉಳಿಸಿದವರು ರೈಲ್ವೆಯ ಉದ್ಘೋಷಕ ವಿಷ್ಣು ಝೇಂಡೆ. ಆ ಹತ್ತರಲ್ಲಿ ಜೀವಂತ ಸಿಕ್ಕವನು ಒಬ್ಬನೇ. ಅವನನ್ನು ಹಿಡಿದದ್ದು ಕಮಾಂಡೋ ಪಡೆಯಲ್ಲ. ಗಿರ್ಗಾಂವ್ ಚೌಪಾಟಿಯ ಬಳಿ ಡಿ.ಬಿ. ಮಾರ್ಗ್ ಠಾಣೆಯ ಸಾಧಾರಣ ಪೊಲೀಸರು ಹಾಕಿದ್ದ ನಾಕಾಬಂದಿ. ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬಳೆಯವರು ಲಾಠಿಯ ಹೊರತು ಆಯುಧವಿಲ್ಲದೆ ಅವನ ಬಂದೂಕಿನ ನಳಿಕೆಯನ್ನೇ ಹಿಡಿದು, ಗುಂಡುಗಳನ್ನು ಮೈಯಲ್ಲಿ ತಡೆದು ಸತ್ತರು. ಆ ಬಂಧನವಿಲ್ಲದಿದ್ದರೆ ಸಂಚಿನ ಎಷ್ಟು ಭಾಗ ಲೋಕಕ್ಕೆ ತಿಳಿಯುತ್ತಿತ್ತೋ ಹೇಳಲಾಗದು. ದಿಲ್ಲಿಯ ಕಡೆಯಿಂದ ಎನ್‌ಎಸ್‌ಜಿ ಬಂದು ಕಾರ್ಯಾಚರಣೆಗೆ ಇಳಿಯುವಷ್ಟರಲ್ಲಿ ಬೆಳಗಾಗಿತ್ತು. ಆ ಪಡೆಯ ಮೇಜರ್ ಸಂದೀಪ್ ಉನ್ನಿಕೃಷ್ಣನ್, ಬೆಂಗಳೂರಿನ ಹುಡುಗ, ತಾಜ್ ಹೊಟೇಲಿನಲ್ಲಿ ಪ್ರಾಣ ಕೊಟ್ಟರು. ಒಟ್ಟು 166 ಮಂದಿ ಸತ್ತರು.

ಆಗ ‘ಕಚೇರಿ’ ಇರಲಿಲ್ಲವೇ? ಇತ್ತು. ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ಅದರ ಮುಖ್ಯಸ್ಥ ಹೇಮಂತ ಕರ್ಕರೆಯವರೇ ಕಾಮಾ ಆಸ್ಪತ್ರೆಯ ಓಣಿಯಲ್ಲಿ ಗುಂಡಿಗೆ ಬಲಿಯಾದರು. ಸುಳಿವು ಇರಲಿಲ್ಲವೇ? ಅದೂ ಇತ್ತು. ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿ 2009ರಲ್ಲಿ ಕೊಟ್ಟ ವರದಿ ಇದನ್ನೇ ಹೇಳಿತು: ಎಚ್ಚರಿಕೆಗಳು ಬಂದಿದ್ದವು, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿದ್ದವು, ಯಾರೂ ಅವನ್ನು ಕೆಲಸವಾಗಿ ಬದಲಿಸಲಿಲ್ಲ. ಆಪತ್ತಿನಲ್ಲಿ ಹೇಗೆ ನಡೆಯಬೇಕೆಂಬ ಲಿಖಿತ ಕ್ರಮ ಇತ್ತು, ಅದನ್ನು ಪಾಲಿಸಲಿಲ್ಲ. ಮದ್ದುಗುಂಡಿನ ಕೊರತೆಯಿಂದ ಪೊಲೀಸರ ಗುರಿ ಅಭ್ಯಾಸವೇ ಸರಿಯಾಗಿ ನಡೆದಿರಲಿಲ್ಲ. ಮೇಜುಗಳು ಕಡಿಮೆಯಾಗಿ ಅನಾಹುತವಾಯಿತೆಂದು ಈ ವರದಿಯನ್ನು ಓದಿದವರು ಹೇಳಲಾರರು. ಆ ವರದಿಯನ್ನು ಸದನದ ಮುಂದಿಡಲು ಸರ್ಕಾರ ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿತೆಂಬುದನ್ನೂ ಹೇಳಬೇಕು. ಮುಚ್ಚಿಡಲು ಆಸೆಪಟ್ಟದ್ದು ಶತ್ರುವಿನಿಂದಲ್ಲ, ನಮ್ಮಿಂದ.

ಆಮೇಲೆ ಏನೇನು ಹುಟ್ಟಲಿಲ್ಲ! ಕೇಂದ್ರದಲ್ಲಿ ಎನ್‌ಐಎ, ಮುಂಬಯಿಗೆ ಎನ್‌ಎಸ್‌ಜಿಯ ನೆಲೆ, ರಾಜ್ಯಕ್ಕೆ ‘ಫೋರ್ಸ್ ಒನ್’. ಎಲ್ಲಕ್ಕೂ ಉದ್ಘಾಟನೆಯಾಯಿತು. ಬೀದಿಗಳಿಗೆ ಕ್ಯಾಮೆರಾ ಹಾಕುವ ಯೋಜನೆ ಮಾತ್ರ ಟೆಂಡರುಗಳಲ್ಲಿ ಸಿಲುಕಿ 2016ರವರೆಗೆ ತೆವಳಿತು. ಕರಾವಳಿ ಕಾವಲಿಗೆ ದೋಣಿಗಳು ಬಂದವು. ಅವುಗಳ ಇಂಧನ, ದುರಸ್ತಿ, ನಡೆಸುವ ಸಿಬ್ಬಂದಿ ಇವುಗಳ ಕೊರತೆಯ ಸುದ್ದಿಯೂ ವರ್ಷವರ್ಷ ಬಂತು. ಹಲಗೆ ತೂಗುಹಾಕುವುದಕ್ಕೆ ಒಂದು ದಿನ ಸಾಕು. ದೋಣಿಗೆ ದಿನವೂ ಡೀಸೆಲ್ ಹಾಕಬೇಕು, ಅದರ ಫೋಟೋ ಯಾರೂ ತೆಗೆಯುವುದಿಲ್ಲ.

ಇನ್ನು 2025ರ ಜುಲೈ ತಿಂಗಳ ಮಾತು. ಹಿರಿಯರ ಪ್ರಬಂಧದಲ್ಲಿ ಈ ತಿಂಗಳ ಮಾತೇ ಇಲ್ಲದಿರುವುದು ನಮಗೆ ಅಚ್ಚರಿ ತಂದಿತು. 10ರಂದು ಮಹಾರಾಷ್ಟ್ರದ ವಿಧಾನಸಭೆಯೂ 11ರಂದು ವಿಧಾನ ಪರಿಷತ್ತೂ ‘ವಿಶೇಷ ಸಾರ್ವಜನಿಕ ಭದ್ರತಾ’ ವಿಧೇಯಕವನ್ನು ಅಂಗೀಕರಿಸಿದವು. 12,000ಕ್ಕೂ ಹೆಚ್ಚು ಸಲಹೆ, ಆಕ್ಷೇಪಣೆಗಳು ಬಂದಿದ್ದ ವಿಧೇಯಕ ಅದು. ಒಂದು ಸಂಘಟನೆಯನ್ನು ಕಾನೂನುಬಾಹಿರವೆಂದು ಸಾರಿ ಅದರ ಸದಸ್ಯರನ್ನು ಸೆರೆಗೆ ಕಳಿಸುವ ಅಧಿಕಾರವನ್ನು ಅದು ರಾಜ್ಯಕ್ಕೆ ಕೊಡುತ್ತದೆ. ಹತ್ತು ದಿನಗಳ ಬಳಿಕ, 21ರಂದು, ಬಾಂಬೆ ಹೈಕೋರ್ಟು 2006ರ ಜುಲೈ 11ರ ಲೋಕಲ್ ರೈಲು ಸ್ಫೋಟಗಳ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಹನ್ನೆರಡೂ ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಅವರಲ್ಲಿ ಐವರಿಗೆ ಮರಣದಂಡನೆಯಾಗಿತ್ತು. ಒಬ್ಬ ತೀರ್ಪಿಗೆ ಮೊದಲೇ ಸೆರೆಯಲ್ಲಿ ಸತ್ತಿದ್ದ. ಹತ್ತೊಂಬತ್ತು ವರ್ಷ! ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆ ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ಪೂರ್ವನಿದರ್ಶನವಾಗಿ ಹಿಡಿಯಬಾರದೆಂದು ಆ ನ್ಯಾಯಾಲಯ ಹೇಳಿತು, ಬಿಡುಗಡೆಯಾದವರನ್ನು ಮರಳಿ ಒಳಗೆ ಹಾಕಲಿಲ್ಲ. ಅದೇ ತಿಂಗಳ 31ರಂದು ವಿಶೇಷ ನ್ಯಾಯಾಲಯ 2008ರ ಮಾಲೆಗಾಂವ್ ಸ್ಫೋಟದ ಏಳು ಆರೋಪಿಗಳನ್ನೂ ಸಾಕ್ಷ್ಯ ಸಾಲದೆಂದು ಬಿಟ್ಟಿತು. ಒಂದು ಪ್ರಕರಣದಲ್ಲಿ ಆರೋಪಿಗಳು ಮುಸ್ಲಿಮರು, ಇನ್ನೊಂದರಲ್ಲಿ ಹಿಂದೂಗಳು. ಯಾವ ತೀರ್ಪಿಗೆ ಸಂತೋಷಪಡಬೇಕು, ಯಾವುದಕ್ಕೆ ಸಿಡುಕಬೇಕು ಎಂಬುದನ್ನು ಜನ ತಂತಮ್ಮ ಪಕ್ಷ ನೋಡಿ ತೀರ್ಮಾನಿಸಿದರು. ನಾವು ಕೇಳುವುದು ಬೇರೆ. ಮಾಟುಂಗ, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೊರಿವಲಿ, ಮೀರಾರೋಡ್: ಪಶ್ಚಿಮ ರೈಲ್ವೆಯ ಈ ಸಾಲಿನಲ್ಲಿ ನಮ್ಮವರೆಷ್ಟು ಮಂದಿ ದಿನವೂ ಓಡಾಡುತ್ತಾರೆ! ಏಳು ಬಾಂಬುಗಳನ್ನು ಇಟ್ಟವರು ಯಾರು? 180ಕ್ಕೂ ಹೆಚ್ಚು ಮಂದಿಯನ್ನು ಕೊಂದವರು ಯಾರು? ತೀರ್ಪು ನಿಂತರೆ ಕೊಂದವರು ಹತ್ತೊಂಬತ್ತು ವರ್ಷ ಹೊರಗೇ ಇದ್ದರೆಂದಾಯಿತು. ಭದ್ರತೆಯ ಸೋಲೆಂದರೆ ನಮಗೆ ಇದು. ಈ ಸೋಲಿಗೆ ಅಧಿಕಾರದ ಕೊರತೆ ಕಾರಣವಾಗಿರಲಿಲ್ಲ. ಆ ಪ್ರಕರಣ ನಡೆದದ್ದೇ ಮಕೋಕಾದಂಥ ಕಠೋರ ಕಾಯಿದೆಯಡಿ, ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುವ ಕಾಯಿದೆ. ಆ ತಪ್ಪೊಪ್ಪಿಗೆಗಳನ್ನೇ ಹೈಕೋರ್ಟು ನಂಬಲಿಲ್ಲ.

ಹೈದರಾಬಾದಿನ ಗೆಳೆಯರಿಗೂ ಇಂಥ ನೆನಪುಗಳಿವೆ. 2007ರ ಮೇ 18ರಂದು ಮೆಕ್ಕಾ ಮಸೀದಿಯಲ್ಲಿ ಸ್ಫೋಟವಾಯಿತು. ಪೊಲೀಸರು ಹಳೆಯ ಊರಿನ ಹುಡುಗರನ್ನು ಹತ್ತಾರು ಸಂಖ್ಯೆಯಲ್ಲಿ ಹಿಡಿದರು. ಅವರು ಆ ಸ್ಫೋಟಕ್ಕೆ ಸಂಬಂಧಿಸಿದವರಲ್ಲವೆಂದು ಕೊನೆಗೆ ಬಯಲಾಯಿತು, ಆಂಧ್ರ ಸರ್ಕಾರವೇ ಪರಿಹಾರ ಕೊಡಲು ಮುಂದಾಯಿತು. ಆಮೇಲೆ ಬೇರೆಯವರ ಮೇಲೆ ಆರೋಪ ಹೊರಿಸಿದರು. 2018ರಲ್ಲಿ ವಿಚಾರಣೆಗೊಳಗಾದ ಅವರೂ ಬಿಡುಗಡೆಯಾದರು. ಸ್ಫೋಟವಾದ 2007ರಲ್ಲೇ ಆ ರಾಜ್ಯ ‘ಆಕ್ಟೋಪಸ್’ ಎಂಬ ಭಯೋತ್ಪಾದನಾ ವಿರೋಧಿ ಪಡೆಯನ್ನು ಕಟ್ಟಿತ್ತು. ಹೆಸರು ಇಟ್ಟವರಿಗೆ ಕೈಗಳ ಸಂಖ್ಯೆ ಹಿಡಿಸಿತ್ತೋ ಏನೋ. ಅದೇ ಊರಿನಲ್ಲಿ ನಕ್ಸಲರ ಮೇಲೆ ಕಣ್ಣಿಡಲೆಂದು ಬೆಳೆಸಿದ ವಿಶೇಷ ಗುಪ್ತಚರ ಘಟಕವೊಂದಿದೆ. 2023ರ ಡಿಸೆಂಬರಿನಲ್ಲಿ ತೆಲಂಗಾಣದ ಸರ್ಕಾರ ಬದಲಾದ ಮೇಲೆ, ಆ ಘಟಕದವರು ವಿರೋಧ ಪಕ್ಷದವರ, ಪತ್ರಕರ್ತರ ಫೋನುಗಳನ್ನು ಕದ್ದು ಕೇಳಿದರೆಂದೂ ಚುನಾವಣಾ ಫಲಿತಾಂಶ ಬಂದ ಬೆನ್ನಿಗೇ ಹಾರ್ಡ್ ಡಿಸ್ಕುಗಳನ್ನು ನಾಶಮಾಡಿದರೆಂದೂ ಮೊಕದ್ದಮೆ ದಾಖಲಾಯಿತು. ಆರೋಪ ಸಾಬೀತಾಗುತ್ತದೋ ಇಲ್ಲವೋ ನ್ಯಾಯಾಲಯ ಹೇಳಲಿ. ಇಂಥ ಆರೋಪ ಹುಟ್ಟಲು ಬೇಕಾದ ಎಲ್ಲವೂ ಹಿರಿಯರ ಯೋಜನೆಯಲ್ಲಿ ಇದೆ: ಮುಚ್ಚಿದ ಬಾಗಿಲು, ಮುಖ್ಯಮಂತ್ರಿಗೆ ನೇರ ವರದಿ, ಮೂರನೆಯ ಕಣ್ಣಿಲ್ಲದ ಕಡತ.

ಕರ್ನಾಟಕದ ಆಂತರಿಕ ಭದ್ರತಾ ವಿಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಂಗತಿ ಮಾತ್ರ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದರು, ಮಲೆನಾಡಿನಲ್ಲಿ ನಕ್ಸಲ್ ನಿಗ್ರಹ ಪಡೆಗೆ ಕೆಲಸ ಉಳಿಯಲಿಲ್ಲ. ಜೂನಿನಲ್ಲಿ ಆ ಪಡೆಯ 248 ಮಂದಿಯನ್ನು ತೆಗೆದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಕೋಮುಹಿಂಸೆ ತಡೆಯುವ ವಿಶೇಷ ಕಾರ್ಯಪಡೆ ಮಾಡಿದರು. ಕರಾವಳಿಯ ಕೊಲೆಗಳಿಂದ ನೊಂದವರು ನಾವು. ಪಡೆ ಬೇಡವೆನ್ನುವ ಧೈರ್ಯ ನಮಗಿಲ್ಲ. ಆದರೆ ಕಾಡಿನಲ್ಲಿ ಬಂದೂಕು ಹಿಡಿದು ಹುಡುಕಾಡಲು ಕಲಿತವರು ಬಂಟ್ವಾಳದ ಪೇಟೆಯಲ್ಲಿ, ಎರಡು ಅಂಗಡಿಗಳ ನಡುವಿನ ಮುನಿಸನ್ನು ಓದಬಲ್ಲರೇ? ಅದನ್ನು ಓದಬಲ್ಲವನು ಅದೇ ಠಾಣೆಯಲ್ಲಿ ನಾಲ್ಕು ವರ್ಷ ನೆಲೆನಿಂತ ಹೆಡ್ ಕಾನ್‌ಸ್ಟೆಬಲ್. ಅವನನ್ನೋ ನಾವು ಆರು ತಿಂಗಳಿಗೊಮ್ಮೆ ಶಾಸಕರ ಇಷ್ಟದಂತೆ ವರ್ಗ ಮಾಡುತ್ತೇವೆ.

ಹಾಗಾದರೆ ಯಾವುದೂ ಕೆಲಸಕ್ಕೆ ಬರಲಿಲ್ಲವೇ ಎಂದು ಕೇಳಬಹುದು. ಬಂದಿದೆ, ನಮ್ಮ ಕಣ್ಣ ಮುಂದೆಯೇ. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿ. ವಚನಗಳ ಹಸ್ತಪ್ರತಿಗಳ ನಡುವೆ ಬದುಕಿದ ಆ ಹಿರಿಯರ ಕೊಲೆ ನಮ್ಮಂಥ ಸಾಹಿತ್ಯ ಬಳಗಗಳಿಗೆ ಮನೆಯೊಳಗಿನ ಸಾವು. ಎರಡೂ ರಾಜ್ಯಗಳಲ್ಲಿ ಭದ್ರತೆಯ ಹೆಸರಿನ ವಿಭಾಗಗಳೆಲ್ಲ ಇದ್ದವು. ವರ್ಷಗಳು ಕಳೆದವು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಆಗ ಒಂದೇ ಪ್ರಕರಣಕ್ಕೆಂದು ನೇಮಿಸಿದ ವಿಶೇಷ ತನಿಖಾ ತಂಡ ಫೋನ್ ಕರೆ, ಡೈರಿ, ಗುಂಡಿನ ಗುರುತು ಹಿಡಿದು ತಾಳ್ಮೆಯಿಂದ ಒಂದೊಂದೇ ಎಳೆ ಬಿಡಿಸಿತು. ಕಲಬುರ್ಗಿಯವರಿಗೂ ಗೌರಿಗೂ ತಗುಲಿದ ಗುಂಡು ಒಂದೇ ನಾಡಪಿಸ್ತೂಲಿನದೆಂದು ಹೇಳಿತು. ಅದರ ಎಳೆಗಳು ಮಹಾರಾಷ್ಟ್ರದ ತನಿಖೆಗೂ ತಲುಪಿದವು. 2019ರಲ್ಲಿ ಸುಪ್ರೀಂ ಕೋರ್ಟು ಕಲಬುರ್ಗಿ ಪ್ರಕರಣವನ್ನು ಅದೇ ತಂಡಕ್ಕೆ ಒಪ್ಪಿಸಿತು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ದಾಭೋಲ್ಕರರ ಮೇಲೆ ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಕೊಟ್ಟಿತು, ಮೂವರನ್ನು ಬಿಟ್ಟಿತು. ಪೂರ್ಣ ನ್ಯಾಯವೆಂದು ನಾವು ಅನ್ನುವುದಿಲ್ಲ. ಆದರೆ ನಡೆದಷ್ಟು ನಡೆದದ್ದು ಸಣ್ಣ ತಂಡದಿಂದ, ಒಂದೇ ಗುರಿಯಿಂದ, ನ್ಯಾಯಾಲಯಕ್ಕೆ ಉತ್ತರ ಕೊಡಬೇಕೆಂಬ ಭಯದಿಂದ.

ಇನ್ನೊಂದು ವಿಚಿತ್ರ. ‘ರಾಜ್ಯ ಭದ್ರತಾ ಆಯೋಗ’ ಎಂಬ ಹೆಸರಿನ ಸಂಸ್ಥೆಯೊಂದನ್ನು ಪ್ರತಿ ರಾಜ್ಯದಲ್ಲೂ ಕಟ್ಟಬೇಕೆಂದು ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆಜ್ಞೆ ಮಾಡಿದೆ. ಅದರ ಕೆಲಸ ಜನರ ಮೇಲೆ ಕಣ್ಣಿಡುವುದಲ್ಲ. ಆಳುವವರು ಪೊಲೀಸರ ಮೇಲೆ ಅನುಚಿತ ಒತ್ತಡ ಹಾಕದಂತೆ ನೋಡುವುದು. ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಿ, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಇರಲು ಬಿಡಿ, ಪೊಲೀಸರ ವಿರುದ್ಧದ ದೂರು ಕೇಳಲು ಪ್ರಾಧಿಕಾರ ಮಾಡಿ ಎಂದೂ ಅದೇ ತೀರ್ಪು ಹೇಳಿತು. ರಾಜ್ಯಗಳು ಏನು ಮಾಡಿದವು? ಹಲವು ಕಾಯಿದೆ ಬರೆದವು, ಆಯೋಗದ ಹಲ್ಲು ಕಿತ್ತು ಕೂರಿಸಿದವು. ಭದ್ರತೆಗೆಂದು ಹೊಸ ಕಚೇರಿ ಬೇಕೆನ್ನುವ ಸರ್ಕಾರಗಳು ಅದೇ ಹೆಸರಿನ ಈ ಆಯೋಗವನ್ನು ಕಂಡರೆ ಮಾತ್ರ ಮುಖ ತಿರುಗಿಸುತ್ತವೆ. ಹಿರಿಯರು ಇದಕ್ಕಾಗಿ ಒಂದು ಪ್ರಬಂಧ ಬರೆದಿದ್ದರೆ ನಮ್ಮ ಚಪ್ಪಾಳೆ ಇನ್ನೂ ಜೋರಾಗಿರುತ್ತಿತ್ತು.

ಈಗ ಮೊದಲ ಪ್ರಶ್ನೆಗೆ ಬರುತ್ತೇವೆ. ಆ ಕಡತದಲ್ಲಿ ಯಾರ ಹೆಸರು ಇರುತ್ತದೆ? 1960ರ ದಶಕದಲ್ಲಿ ಈ ಊರಿನ ಒಂದು ವಾರಪತ್ರಿಕೆ ಕಂಪನಿಗಳ, ಕಚೇರಿಗಳ ಅಧಿಕಾರಿಗಳ ಪಟ್ಟಿ ಅಚ್ಚುಮಾಡುತ್ತಿತ್ತು. ದಕ್ಷಿಣದ ಹೆಸರುಗಳನ್ನು ಓದಿಕೊಳ್ಳಿ ಎಂಬುದೇ ಅದರ ಉದ್ದೇಶ. 1966ರಲ್ಲಿ ಹುಟ್ಟಿದ ಪಕ್ಷಕ್ಕೆ ಆ ಪಟ್ಟಿಗಳೇ ಗೊಬ್ಬರವಾದವು, ಉಡುಪಿ ಹೊಟೇಲುಗಳ ಗಾಜು ಒಡೆಯಿತು. ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದ ನಮ್ಮ ಹಿಂದಿನ ತಲೆಮಾರಿನವರಿಗೆ ಅದು ಪುಸ್ತಕದ ಸಂಗತಿಯಲ್ಲ. ಆಗ ಪಟ್ಟಿ ಮಾಡಿದ್ದು ಒಂದು ಪತ್ರಿಕೆ. ಸರ್ಕಾರದ ಕಚೇರಿ ಮಾಡಿದ್ದರೆ? 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಆಂತರಿಕ ಭದ್ರತೆಯ ಒಂದು ಕರಡು ಕಾಯಿದೆ ಹೊರಡಿಸಿದಾಗ 100ಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಕ್ಕೆ ಪೊಲೀಸರ ಅನುಮತಿ ಬೇಕೆಂಬ ನಿಯಮವೂ ಅದರಲ್ಲಿತ್ತು. ಟೀಕೆ ಬಂದ ಮೇಲೆ ಅದು ಕಾಯಿದೆಯಾಗಲಿಲ್ಲ. ಆಗಿದ್ದರೆ ನಮ್ಮ ರಾಜ್ಯೋತ್ಸವ, ಯಕ್ಷಗಾನ, ಶನಿಪೂಜೆ ಎಲ್ಲಕ್ಕೂ ಠಾಣೆಯ ಮುದ್ರೆ ಬೇಕಾಗುತ್ತಿತ್ತು.

ನಮ್ಮ ತವರೇನೂ ಇದಕ್ಕೆ ಹೊರತಲ್ಲ. 2012ರ ಆಗಸ್ಟಿನಲ್ಲಿ ಗಾಳಿಮಾತು ಕೇಳಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ನಿಂತಿದ್ದರು. ಅವರೂ ಹೊರನಾಡಿಗರು. ಅವರನ್ನು ಅಂದು ಬೆದರಿಸಿದ್ದು ‘ಇದು ನಿಮ್ಮ ತವರಲ್ಲ’ ಎಂಬ ಒಂದೇ ಮಾತು.

ಹಿರಿಯರಿಗೆ ಒಂದು ಬಿನ್ನಹ. ಮುಂದಿನ ಕೂಟಕ್ಕೆ ಬರುವಾಗ ದಯವಿಟ್ಟು ಒಂದು ಹಾಳೆ ಬರೆದು ತರಬೇಕು. ತಾವು ಹೇಳುವ ಕಚೇರಿಯ ಕಡತವನ್ನು ತೆರೆದು ನೋಡುವ ಹಕ್ಕು ಮುಖ್ಯಮಂತ್ರಿಯ ಹೊರತು ಯಾರಿಗೆ? ತಪ್ಪು ಹೆಸರು ಬರೆದರೆ ಅಳಿಸುವವರು ಯಾರು? ಹತ್ತೊಂಬತ್ತು ವರ್ಷ ಕಳೆದ ಮೇಲೆ ಉತ್ತರ ಕೊಡುವವರು ಯಾರು? ಜೊತೆಗೆ ಡಿ.ಬಿ. ಮಾರ್ಗ್ ಠಾಣೆಯಂಥ ಒಂದು ಠಾಣೆಗೆ ಎಷ್ಟು ಜನ, ಎಷ್ಟು ಬಂದೂಕು, ಎಷ್ಟು ರಜೆ ಬೇಕೆಂಬ ಲೆಕ್ಕವೂ ಇರಲಿ. ಓದಿ ಚರ್ಚಿಸೋಣ. ಅಲ್ಲಿಯವರೆಗೆ ಕಳೆದ ತಿಂಗಳ ನಮ್ಮ ಚಪ್ಪಾಳೆಯನ್ನು ವಿನಯದಿಂದ ಹಿಂದಕ್ಕೆ ಪಡೆದಿದ್ದೇವೆ.